ಆನಗೋಡಿನಲ್ಲಿ ಸೊನ್ನೆ ಬರೆದ ಮರಿಯವ್ವ

ಬೆಳಗಿನ ಆರಕ್ಕೆಲ್ಲ ಮರಿಯವ್ವ ಆನಗೋಡಿನ ಶಾಲೆ ಹಿಂದಿನ ಬಯಲಿನಲ್ಲಿ ಹಾಜರು. ಕೈಯಲ್ಲಿ ಸವೆದ ಟೂತ್‌ಬ್ರಷ್ಷು. ತಂತಿಬೇಲಿಯೊಳಗೆ ಮೊಣಕಾಲೆತ್ತರದ ಮಳೆಮಾಪಕ. ಅದರ ಅಂಚಿನ ಮೇಲೆ ಗೊರವಂಕವೊಂದು ಆಗಲೇ ತನ್ನ ಅಭಿಪ್ರಾಯ ಬಿಟ್ಟುಹೋಗಿದೆ.

“ಊರಿಗೆ ಊರೇ ಖಾಲಿ ಬಿದ್ದೈತೆ, ಇದಕ್ಕೆ ಕೂರಾಕೆ ಇದೇ ಬೇಕೇನ್ರಿ?” ಎಂದು ಗೊಣಗುತ್ತ ಉಜ್ಜುತ್ತಾರೆ.

ಎಂಟೂವರೆಗೆ ಸರಿಯಾಗಿ ಒಳಗಿನ ಬಾಟಲಿ ತೆಗೆದು, ನೀರನ್ನು ಗೀಟು ಹಾಕಿದ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿಯುತ್ತಾರೆ. ಇವತ್ತು ಎರಡು ಪಾಯಿಂಟ್ ನಾಲ್ಕು. ಪುಸ್ತಕದಲ್ಲಿ ಬರೆದು ದಾವಣಗೆರೆಯ ತಾಲ್ಲೂಕು ಕಚೇರಿಗೆ ಫೋನು ಮಾಡುತ್ತಾರೆ. ಮರುದಿನ ಪತ್ರಿಕೆಯ ಮೂಲೆಯಲ್ಲಿ ‘ಆನಗೋಡು 2.4 ಮಿ.ಮೀ.’ ಎಂದು ಬರುವ ಅರ್ಧ ಸಾಲಿನ ಲೇಖಕಿ ಇವರೇ. ಹದಿನಾಲ್ಕು ವರ್ಷದಿಂದ ಬರೆಯುತ್ತಿದ್ದಾರೆ. ಹೆಸರು ಮಾತ್ರ ಒಮ್ಮೆಯೂ ಅಚ್ಚಾಗಿಲ್ಲ.

ಐವತ್ತೆಂಟರ ಮರಿಯವ್ವನ ತವರು ಹರಿಹರ. “ಹೊಳೆ ದಂಡ್ಯಾಗೆ ಹುಟ್ಟಿದಾಕಿ ನಾನು. ಬಿಂದಿಗೆಗಟ್ಟಲೆ ಚೆಲ್ಲಿ ಬೆಳ್ದೀನಿ. ಇಲ್ಲಿಗೆ ಬಂದು ಹನಿ ಎಣ್ಸಂಗಾತು,” ಎನ್ನುತ್ತಾರೆ. ಶಾಲೆಯ ಕಸ ಗುಡಿಸುವ ಕೆಲಸದ ಜೊತೆಗೆ ಮಾಪಕವೂ ಗಂಟುಬಿತ್ತು. ಜ್ವರ ಬಂದರೂ, ಮಗಳ ಮದುವೆಯ ಧಾರೆಯ ದಿನವೂ ಎಂಟೂವರೆ ತಪ್ಪಿಲ್ಲ. ಮಳೆ ಇಲ್ಲದ ದಿನವೂ ಬರಬೇಕೇ? “ಸೊನ್ನೇನೂ ನೋಡೇ ಬರೀಬೇಕ್ರಿ. ಮನ್ಯಾಗೆ ಕುಂತು ಬರೆದ್ರೆ ಅದು ಸುಳ್ಳು ಸೊನ್ನೆ.”

ನಿಜದ ಸೊನ್ನೆಯ ಬೆಲೆ ಊರಿಗೆ ತಿಳಿದದ್ದು ಹೋದ ವರ್ಷ. ಮೆಕ್ಕೆಜೋಳ ಮೊಣಕಾಲುದ್ದ ಬಂದಾಗ ಮಳೆ ಕೈಕೊಟ್ಟಿತು. ಪುಸ್ತಕದಲ್ಲಿ ಸಾಲಾಗಿ ಹತ್ತೊಂಬತ್ತು ಸೊನ್ನೆ. ಇಪ್ಪತ್ತೊಂದು ದಿನ ತುಂಬಿದರೆ ಊರು ಬರದ ಪಟ್ಟಿಗೆ ಸೇರುತ್ತದೆ, ದನಕ್ಕೆ ಮೇವು, ಕೇರಿಗೆ ಟ್ಯಾಂಕರು ಬರುತ್ತವೆ ಎಂದು ಎಲ್ಲರೂ ಬೆರಳು ಮಡಚುತ್ತಿದ್ದರು. ಇಪ್ಪತ್ತನೆಯ ಬೆಳಗ್ಗೆ ಬಾಟಲಿಯಲ್ಲಿ ಇಪ್ಪತ್ತೆರಡು ಮಿಲಿಮೀಟರ್! ರಾತ್ರಿಯೆಲ್ಲ ಆಕಾಶದಲ್ಲಿ ಚುಕ್ಕಿ ತುಂಬಿತ್ತು. ನೀರು ಹಳದಿ. ಮಾಪಕದ ಬಾಯಿಯ ಲಾಳಿಕೆಯಲ್ಲೊಂದು ಚೆಂಡುಹೂವಿನ ಎಸಳು.

ಹಿಂದಿನ ಸಂಜೆ ಊರಲ್ಲಿ ಗುರ್ಜಿ ಹೊರಟಿತ್ತು. ಗುರ್ಜಿ ಎಂಬ ಸಗಣಿಯ ಗೊಂಬೆಯನ್ನು ಹಂಚಿನ ಮೇಲಿಟ್ಟು ತಲೆಯ ಮೇಲೆ ಹೊತ್ತು ತಿರುಗುವುದು, ಮನೆಮನೆಯವರು ಅದಕ್ಕೆ ನೀರು ಹೊಯ್ದು ಮಳೆ ಬೇಡುವುದು ಇಲ್ಲಿನ ರೂಢಿ. ಮುಂದಾಳು ಮರುಳಸಿದ್ದಮ್ಮ ದಾರಿಯಲ್ಲಿ ಸಿಕ್ಕ ಮಾಪಕಕ್ಕೂ ಭಕ್ತಿಯಿಂದ ಒಂದು ಚೊಂಬು ಹೊಯ್ದಿದ್ದರು. “ಮಳೆ ಬಂದು ಇಳಿಯೋ ಜಾಗ ಅದೇ ಅಲ್ಲೇನವ್ವ? ಅದನ್ನ ಬಿಟ್ರೆ ಸಿಟ್ಟಾಗಲ್ವಾ?” ಎಂದು ಈಗಲೂ ಕೇಳುತ್ತಾರೆ.

ಫೋನಿನ ಆ ಕಡೆ ಗುಮಾಸ್ತ ಬಸವಪ್ರಭು. “ಬಾಟ್ಲಿಯಾಗೆ ಎಷ್ಟೈತೋ ಅಷ್ಟು ಬರಿಯವ್ವ. ಯಾರು ಹೊಯ್ದ್ರು ಅನ್ನಾಕೆ ಕಾಲಮ್ಮೇ ಇಲ್ಲ.” ಬರೆದರೆ ಹತ್ತೊಂಬತ್ತು ದಿನ ನೀರಲ್ಲಿ ಹೋಮ, ಎಣಿಕೆ ಮತ್ತೆ ಒಂದರಿಂದ.

ಮರಿಯವ್ವ ಬಾಟಲಿಗೆ ಬಿರಡೆ ಹಾಕಿ, ಮಡಿಲಲ್ಲಿಟ್ಟುಕೊಂಡು ಒಂಬತ್ತರ ಬಸ್ಸು ಹತ್ತಿದರು. ಕಚೇರಿಯ ಟೇಬಲ್ ಮೇಲೆ ಇಟ್ಟು ಹೇಳಿದ್ದು ಇಷ್ಟೆ: “ಮೂಸಿ ನೋಡ್ರಿ ಸಾಹೇಬ್ರ. ಮಳಿಯಾಗೆ ಅರಿಶಿನ ಇರ್ತೈತಾ?”

ಬಸವಪ್ರಭು ಮೂಸಿದರು. ಪಕ್ಕದ ಟೇಬಲ್ಲಿನವರೂ ಮೂಸಿದರು. ನಕ್ಕು, ಮೇಲಿನವರಿಗೆ ತೋರಿಸಿ, ಷರಾ ಬರೆದು ಸೊನ್ನೆ ದಾಖಲಿಸಿದರು. ಇಪ್ಪತ್ತೊಂದು ತುಂಬಿತು, ಮೇವೂ ಬಂತು, ಟ್ಯಾಂಕರೂ ಬಂತು. ಹಾಗೆಂದು ಮಳೆರಾಯ ಸುಮ್ಮನಿರಲಿಲ್ಲ. ಆಮೇಲೊಂದು ರಾತ್ರಿ ತೊಂಬತ್ತಾರು ಮಿಲಿಮೀಟರ್ ಒಟ್ಟಿಗೇ ಸುರಿದು, ಉಳಿದ ಪೈರನ್ನು ಮಲಗಿಸಿದ. “ಅದನ್ನೂ ಬರೆದೆ. ಕಮ್ಮಿ ಮಾಡಾಕೆ ಬರಂಗಿಲ್ಲಲ್ರೀ,” ಎನ್ನುವಾಗ ಮಾತ್ರ ಅವರ ದನಿ ಇಳಿಯುತ್ತದೆ.

ಊರು ಮರೆತಿಲ್ಲ. ಅವತ್ತಿನಿಂದ ಮರುಳಸಿದ್ದಮ್ಮನ ಮನೆಯಿಂದ ದಿನಾ ಒಂದು ಚೊಂಬು ಮಜ್ಜಿಗೆ ಬರುತ್ತದೆ, ಅದೇ ಚೊಂಬಿನಲ್ಲಿ. ಹೊಲಕ್ಕೆ ಹೋಗುವವರು ಬೇಲಿಯಾಚೆಯಿಂದ “ಎಷ್ಟವ್ವ ಇವತ್ತು?” ಎಂದು ಕೇಳಿಯೇ ಮುಂದೆ ಹೋಗುತ್ತಾರೆ.

ಈ ವರ್ಷ ಗುರ್ಜಿ ಬಂದರೆ? ಮರಿಯವ್ವ ಬೇಲಿಯ ಬಾಗಿಲಿಗೆ ಚಿಲಕ ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾರೆ.

“ಬರ್ಲಿ ಬಿಡ್ರಿ, ಬ್ಯಾಡ ಅನ್ನಾಕೆ ನಾನ್ಯಾರು? ಆದ್ರೆ ಸಿದ್ದಮ್ಮಗೆ ಹೇಳೀನಿ, ಅದರ ಮ್ಯಾಲೆ ಬ್ಯಾಡ, ನನ್ನ ತಲೆ ಮ್ಯಾಲೆ ಹೊಯ್ಯಿ ಅಂತ. ನನ್ನ ಯಾರೂ ಅಳೆಯಂಗಿಲ್ಲ.”