ಛಾವಣಿಯ ಬುದ್ಧನನ್ನು ತೋರಿಸಿದವರು

ವೀಣಾ, ಬಸು, ನಿನ್ನೆ ನೀವಿಬ್ಬರೂ ಊಟದ ತಾಟನ್ನು ಬಿಸಿಲಿಗೆ ಹಿಡಿದು ಪಡಸಾಲೆಯ ಜಂತಿಯ ಮೇಲೆ ಬೆಳಕು ಕುಣಿಸುತ್ತಿದ್ದಿರಿ. ನಿಮ್ಮವ್ವ ಗದರಿಸಿದಳು. ನಾನು ಮಾತ್ರ ನೋಡುತ್ತಲೇ ಕೂತೆ. ಐಹೊಳೆಯ ಗೈಡ್ ನೆನಪಾಗಿದ್ದರು...

ನಾನು ಐಹೊಳೆಗೆ ಹೋದಾಗ ನಿಮ್ಮ ಅಜ್ಜ ತೀರಿಕೊಂಡು ಏಳು ತಿಂಗಳಾಗಿತ್ತು. ನಾನು ಹೊಸ್ತಿಲು ದಾಟುತ್ತಿದ್ದುದೇ ಅಪರೂಪ. ನಗು ಬಂದರೂ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದೆ. ವರ್ಷ ತುಂಬುವ ಮೊದಲೇ ನಗುತ್ತಾಳೆ ಎಂದು ಓಣಿಯವರು ಅಂದರೆ ಎಂಬ ಭಯ. ಕೊಟ್ಟೂರಿನ ನಮ್ಮ ಹೆಣ್ಣುಮಕ್ಕಳ ಸಂಘದವರು ಕ್ರೂಸರ್ ಗಾಡಿ ಬಾಡಿಗೆಗೆ ಮಾಡಿಕೊಂಡು ಹೊರಟಾಗ, ನನ್ನ ನೆಗೆಣ್ಣಿ, ಅಂದರೆ ನಿಮ್ಮ ಸಣ್ಣಜ್ಜಿ, ಕೈಹಿಡಿದು ಎಳೆದುಕೊಂಡೇ ಹೋದಳು.

ಗುಡ್ಡದ ನಡುವೆ ಎರಡಂತಸ್ತಿನ ಗುಡಿ. ಅರ್ಧ ಬಂಡೆಯಲ್ಲೇ ಕೊರೆದದ್ದು, ಅರ್ಧ ಕಟ್ಟಿದ್ದು. ಗೈಡ್ ಆ ಊರಿನವರೇ, ಅರವತ್ತು ದಾಟಿದವರು. ಹೆಗಲಲ್ಲಿ ಟವೆಲ್ಲು, ಕಂಕುಳಲ್ಲಿ ಒಂದು ಸ್ಟೀಲ್ ತಾಟು. ಸಾವಿರ ವರ್ಷಕ್ಕೂ ಹಿಂದಿನ ಕಲ್ಲುಗಳನ್ನು ತಾವೇ ಕೂರಿಸಿದಂತೆ ಮುಟ್ಟಿ ಮುಟ್ಟಿ ತೋರಿಸುತ್ತಿದ್ದರು. ನಾವೋ ಕಾಯಿ, ವಿಭೂತಿ, ಊದುಬತ್ತಿ ಹಿಡಿದು ನೇರ ಗರ್ಭಗುಡಿಗೆ ನುಗ್ಗಿದೆವು. ಒಳಗೆ ಏನೂ ಇರಲಿಲ್ಲ.

“ಅಯ್ಯ, ದೇವ್ರೇ ಇಲ್ಲಲ್ರಿ!” ಎಂದಳು ನೆಗೆಣ್ಣಿ.

“ಅದಾನ್ರಿ ಯವ್ವಾ. ನೀವು ಕಾಯಿ ಹಿಡ್ಕೊಂಡು ಕೆಳಗ ಹುಡುಕ್ತೀರಿ, ಬುದ್ಧ ನಿಮ್ಮ ತಲಿ ಮ್ಯಾಲ ಕುಂತಾನ,” ಎಂದು ಗೈಡ್ ಹೊರ ಪಡಸಾಲೆಯ ಛಾವಣಿ ತೋರಿಸಿದರು. ನೆರಳಿಗೆ ಕಲ್ಲು ಕಪ್ಪಗಿತ್ತು. “ನೆಟ್ಟಗ ಕಾಣಬೇಕಂದ್ರ ನೆಲಕ್ಕ ಮಲಕ್ಕೋಬೇಕು. ಯಾರು ಮೊದಲು?”

ಎಲ್ಲರೂ ಒಬ್ಬರನ್ನೊಬ್ಬರು ನೂಕುತ್ತ ಕಿಸಕ್ಕನೆ ನಕ್ಕರು. ನಾನು ಕಂಬದ ಹಿಂದೆ ಸರಿದೆ. ಗೈಡ್ ಕಣ್ಣು ನನ್ನ ಮೇಲೆಯೇ ಬಿತ್ತು.

“ಆ ತಂಗೆವ್ವ ಬರ್ಲಿ.”

“ಅಕಿ ಬ್ಯಾಡ್ರಿ,” ಎಂದರು ನಮ್ಮಲ್ಲಿ ಹಿರಿಯರೊಬ್ಬರು. “ಗಂಡ ತೀರಿ ಇನ್ನಾ ವರ್ಷ ತುಂಬಿಲ್ಲ. ಒಳ್ಳೇದಕ್ಕ ಅಕಿ ಮುಂದ ಬರಬಾರ್ದು.”

ಗೈಡ್ ದನಿ ಏರಿಸಲಿಲ್ಲ. “ಮ್ಯಾಲ ಕುಂತಾವ ಹೆಂಡ್ತಿನ್ನ, ಕೂಸನ್ನ ಬಿಟ್ಟು ರಾತ್ರೋರಾತ್ರಿ ಹೋದಾವ ಅದಾನ್ರಿ. ಗಂಡ ಇಲ್ಲದಾಕಿ ನನ್ನ ಮೊದಲು ನೋಡಬಾರ್ದು ಅನ್ನಾಕ ಅವಂಗ ಯಾವ ಬಾಯಿ ಐತಿ?”

ಗಂಡಸಿನೆದುರು ಹೇಗೆ ಮಲಗುವುದೆಂದು ನಾನು ಸೀರೆ ಹಿಡಿದು ನಿಂತಿದ್ದೆ. ಅವರಿಗೆ ತಿಳಿಯಿತು. ಹೊರಗೆ ಬಿಸಿಲಿಗೆ ಹೋಗಿ, ಟವೆಲ್ಲನ್ನು ಕಣ್ಣಿಗೆ ಕಟ್ಟಿಕೊಂಡು, ತಾಟು ಎತ್ತಿ ಹಿಡಿದರು. “ಬೆಳಕು ಎಲ್ಲಿ ಬೀಳ್ತೈತಿ ನನಗ ಕಾಣೂದಿಲ್ಲವ್ವಾ. ನೀನೇ ಕೂಗಿ ಹೇಳಬೇಕು.”

ಮಲಗಿದೆ. ಬೆನ್ನಿಗೆ ಕಲ್ಲು ತಣ್ಣಗೆ ಹತ್ತಿತು. ಬೆಳಕು ಕಂಬಕ್ಕೆ ಬಿತ್ತು, ನೆಗೆಣ್ಣಿಯ ಮೂಗಿಗೆ ಬಿತ್ತು.

“ಬಲಕ್ಕ...” ಎಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ.

“ಕೇಳವಲ್ದು!”

“ಬಲಕ್ಕ್ರೀ! ಇನ್ನೊಂಚೂರು ಮ್ಯಾಲ! ಅಯ್ಯ, ಅಷ್ಟಲ್ರೀ, ಹಿಂದಕ್ಕ!”

ಏಳು ತಿಂಗಳ ಮೇಲೆ ನಾನು ದನಿ ಎತ್ತಿದ್ದು ಅದೇ ಮೊದಲು. ಬೆಳಕು ಸರಿದು ನಿಂತಿತು. ತಲೆಯ ಮೇಲೆ ಕೊಡೆ, ಕೆಳಗೆ ಶಾಂತವಾದ ಮುಖ, ನನ್ನನ್ನೇ ನೋಡುತ್ತಿದ್ದಂತೆ... “ಸಿಕ್ಕಾ! ಸಿಕ್ಕಾನ್ರೀ!” ಎಂದು ಕಿರುಚಿದೆ. ಆಮೇಲೆ ನಗು ಬಂತು. ಮುಚ್ಚಿಕೊಳ್ಳೋಣವೆಂದರೆ ಸೆರಗು ಬೆನ್ನಡಿಗೆ ಸಿಕ್ಕಿಕೊಂಡಿತ್ತು! ಮೊದಲು ನೆಗೆಣ್ಣಿ, ಆಮೇಲೆ ಎಲ್ಲರೂ, ಬೇಡ ಎಂದಿದ್ದ ಆ ಹಿರಿಯರೂ ನನ್ನ ಪಕ್ಕ ಸಾಲಾಗಿ ಮಲಗಿ, ಬಲಕ್ಕ ಎಡಕ್ಕ ಎಂದು ಕೂಗಾಡಿದರು. ಹೊರಗೆ ಕಣ್ಣು ಕಟ್ಟಿಕೊಂಡಿದ್ದ ಆ ಮನುಷ್ಯ “ಒಬ್ಬೊಬ್ರು ಹೇಳ್ರಿ, ನಾ ಯಾರ ಮಾತು ಕೇಳ್ಲಿ!” ಎಂದು ತಾವೂ ನಗುತ್ತಿದ್ದರು.

ಹೋದ ವರ್ಷ ನೆಗೆಣ್ಣಿ ಮತ್ತೆ ಅಲ್ಲಿಗೆ ಹೋಗಿದ್ದಳು. ಆ ಗೈಡ್ ಈಗ ಬದುಕಿಲ್ಲವಂತೆ. ಅವತ್ತೇ ಅವರ ಹೆಸರನ್ನಾದರೂ ಕೇಳಬೇಕಿತ್ತು, ನನ್ನ ನಾಚಿಕೆ ಬಿಡಲಿಲ್ಲ. ನಾನು ಗಟ್ಟಿಯಾಗಿ ನಕ್ಕಾಗಲೆಲ್ಲ ನೀವು “ಅಜ್ಜಿ, ಮೂರು ಮನಿಗೆ ಕೇಳ್ತೈತಿ” ಎನ್ನುತ್ತೀರಲ್ಲ, ಆ ನಗುವನ್ನು ನನಗೆ ತಿರುಗಿ ಕೊಟ್ಟವರು ಅವರು. ಅವರಿಗೆ ಇದನ್ನು ಹೇಳಲಾಗಲಿಲ್ಲ, ಅದಕ್ಕೇ ಬರೆದೆ. ಈ ಹಾಳೆಗಳನ್ನು ಗೆದ್ದಲು ಮುಟ್ಟದ ಕಡೆ ಇಡಿ, ಮಕ್ಕಳೇ.