ರಸ್ತೆಯ ಹಿಡಿತ ಅಳೆದ ಕಾಕಾ

ಕಾಕಾ ಅವರ ಪ್ಯಾಂಟಿನ ಎರಡೂ ಮೊಣಕಾಲಿಗೆ ಹಳೆಯ ಲಾರಿ ಟ್ಯೂಬಿನ ತುಂಡು ಹೊಲಿದಿರುತ್ತಿತ್ತು. ಕಾದ ಡಾಂಬರಿನ ಮೇಲೆ ದಿನವಿಡೀ ಮೊಣಕಾಲೂರಿ ಕೂರುವ ಕೆಲಸ. ಬರೀ ಬಟ್ಟೆಯಾದರೆ ತಿಂಗಳಿಗೊಂದು ಪ್ಯಾಂಟು ಬೇಕಾಗುತ್ತಿತ್ತು. ನಡೆಯುವಾಗ ಆ ರಬ್ಬರು ಕಿರುಗುಟ್ಟುತ್ತಿತ್ತು. ಯಾದಗಿರಿಯ ನಮ್ಮ ರಸ್ತೆ ಪ್ರಯೋಗಾಲಯದಲ್ಲಿ ಅವರು ಹಿರಿಯ ಸಹಾಯಕರು. ಸಾಹೇಬರಿಂದ ಚಹಾದವನವರೆಗೆ ಎಲ್ಲರಿಗೂ ಕಾಕಾ.

ಒದ್ದೆ ರಸ್ತೆ ಗಾಲಿಯನ್ನು ಎಷ್ಟು ಹಿಡಿಯುತ್ತದೆ, ಎಷ್ಟು ಜಾರಿಸುತ್ತದೆ ಎಂದು ಅಳೆಯುವುದು ಅವರ ಕೆಲಸ. ಅದಕ್ಕೆ ಮೂರು ಕಾಲಿನ ಹಳೆಯ ಲೋಲಕವೊಂದಿತ್ತು. ಅದರ ರಬ್ಬರ್ ಪಾದದ ತೋಳು ಬೀಸಿ ಬಂದು ರಸ್ತೆ ಸವರಿ ಮೇಲೇರುತ್ತದೆ, ಮುಳ್ಳು ಲೆಕ್ಕ ತೋರಿಸುತ್ತದೆ. ಹೊರಗಿನಿಂದ ಬಾಡಿಗೆಗೆ ಬೇರೆ ಯಂತ್ರ ಬಂದರೆ ಕಾಕಾ ಅದನ್ನು ನೇರ ಕೆಲಸಕ್ಕೆ ಬಿಡುತ್ತಿರಲಿಲ್ಲ. ಶಹಾಪುರದ ರಸ್ತೆಯಲ್ಲಿ ಮೂರು ತುಂಡು ಆರಿಸಿ ಬಿಳಿ ಬಣ್ಣದ ಗೆರೆ ಎಳೆದಿದ್ದರು: ಒಂದು ಸವೆದು ನುಣುಪಾದದ್ದು, ಒಂದು ಒರಟು, ಒಂದು ನಡುವಿನದು. ಊರಿನ ನ್ಯಾಯ ಹೇಳುವ ಹಿರಿಯರ ಹಾಗೆ, ಅವಕ್ಕೆ ಅವರಿಟ್ಟ ಹೆಸರು ಪಂಚರು. ಹೊಸ ಯಂತ್ರವೂ ಲೋಲಕವೂ ಮೊದಲು ಅವೇ ಮೂರು ತುಂಡುಗಳನ್ನು ಅಳೆಯಬೇಕು.

“ಪಂಚರ ಮುಂದ ನಿಂದ್ರಲಿ. ಅದರ ಹತ್ತು ಅಂದ್ರ ನಮ್ಮವು ಎಷ್ಟು ಅನ್ನೋದು ಬರಾಬರ್ ತಿಳೀಲಿ. ಆಮ್ಯಾಲೆ ಅದರ ಮಾತು ಕೇಳೋಣ್ರಿ,” ಎನ್ನುತ್ತಿದ್ದರು.

ನಾನು ಆಗಷ್ಟೇ ಕೆಲಸಕ್ಕೆ ಸೇರಿದ ಇಂಜಿನಿಯರ್. ತಲೆ ತುಂಬ ಪುಸ್ತಕ, ಮೂಗಿನ ತುದಿಯಲ್ಲಿ ಸಿಟ್ಟು. ಇದೆಲ್ಲ ಮುದುಕರ ಮಡಿ ಎಂದುಕೊಂಡಿದ್ದೆ.

ಆ ಮಳೆಗಾಲ ಶಹಾಪುರಕ್ಕೂ ಸುರಪುರಕ್ಕೂ ನಡುವಿನ ಒಂದು ತಿರುವಿನಲ್ಲಿ ಬೈಕುಗಳು ಒಂದರ ಹಿಂದೊಂದು ಜಾರಿದವು. ತಿರುವು ಮುಚ್ಚಿ ಹೊಸ ಪದರ ಹಾಕಿದರು. ಬಸ್ಸುಗಳು ಕೆಂಭಾವಿ ಸುತ್ತಿ ಹೋಗಬೇಕಾಗಿ ಜನ ರೇಗಿದ್ದರು. ತಿರುವಿನ ಅರ್ಧವನ್ನು ಕಾಕಾ ಲೋಲಕದಿಂದ ಅಳೆದು, ಮದುವೆಗೆಂದು ಸೈದಾಪುರಕ್ಕೆ ಹೋದರು. ಉಳಿದರ್ಧವನ್ನು ನಾನು ಮರುದಿನ ಬಾಡಿಗೆ ವ್ಯಾನಿನಿಂದ ಅಳೆಸಿದೆ. ಬ್ರೇಕ್ ಹಾಕಿದ ಗಾಲಿಯೊಂದನ್ನು ಎಳೆದುಕೊಂಡು ಓಡುವ ವ್ಯಾನು ಅದು. ಪಂಚರ ಹತ್ತಿರ ಅದನ್ನು ಒಯ್ಯಲಿಲ್ಲ. ಲೋಲಕದ ಅಂಕಿ ನೂರರ ಅಳತೆಯಲ್ಲಿ, ವ್ಯಾನಿನದು ಒಂದರ ಅಳತೆಯಲ್ಲಿ ಬರುತ್ತಿದ್ದರಿಂದ ಕಾಕಾ ಅವರ ಅಂಕಿಗಳನ್ನು ನೂರರಿಂದ ಭಾಗಿಸಿ, ವ್ಯಾನಿನ ಅಂಕಿಗಳ ಕೆಳಗೇ ಬರೆದು ಸರಾಸರಿ ತೆಗೆದೆ. ಕಾಕಾ ಅವರವು ತೀರ ಕಡಿಮೆ, ವ್ಯಾನಿನವು ಬಹಳ ಹೆಚ್ಚು. ಸರಾಸರಿಯಲ್ಲಿ ತಿರುವು ಪಾಸಾಯಿತು. ಅಂದೇ ಸಂಜೆ ನಾಲ್ಕಕ್ಕೆ ತೆರೆಯಬಹುದೆಂದು ಸಹಿ ಹಾಕಿ ಕಳಿಸಿದೆ.

ಮಧ್ಯಾಹ್ನ ಮೂರಕ್ಕೆ ಕಾಕಾ ಮದುವೆ ಮುಗಿಸಿ ಬಂದು ಹಾಳೆ ನೋಡಿದರು.

“ಮೇಡಂ, ಈ ವ್ಯಾನು ಪಂಚರ ಮುಂದ ನಿಂತಿತ್ತೇನ್ರಿ?”

“ಟೈಮ್ ಇರಲಿಲ್ಲ. ನೂರರಿಂದ ಭಾಗಿಸಿದ್ದೇನಲ್ಲ, ಕಾಕಾ.”

“ಭಾಗಿಸಿದ್ರ ಎರಡೂ ಒಂದೇ ಆಗತಾವೇನ್ರಿ? ಜಲ್ದಿ ಏಳ್ರಿ. ವ್ಯಾನಿನವಗೂ ಬಾ ಅನ್ರಿ.”

ಸಾಹೇಬರು ಫೋನ್ ಎತ್ತಲಿಲ್ಲ. ನಾವಿಬ್ಬರೂ ಜೀಪು ಹತ್ತಿದೆವು. ಮಳೆ ಹನಿಯತೊಡಗಿತು. ನಾವು ಮುಟ್ಟುವಾಗ ಅಡ್ಡಗಟ್ಟೆ ಅರ್ಧ ಸರಿದಿತ್ತು. ಬಾಗಿಲಲ್ಲೂ ಜನ ಜೋತುಬಿದ್ದ ಬಸ್ಸೊಂದು ಹೊರಡಲು ಗುರುಗುಡುತ್ತಿತ್ತು. ಜೀಪು ನಿಲ್ಲುವ ಮೊದಲೇ ಕಾಕಾ ಇಳಿದು ಓಡಿ, ಬಸ್ಸಿಗೆ ಅಡ್ಡ ನಿಂತರು.

“ಏ ಮುದುಕಾ, ಸರಿ ಅತ್ಲಾಗ! ಮಂದಿ ಮನಿಗಿ ಹೋಗೂದು ಬ್ಯಾಡೇನು?” ಕಂಡಕ್ಟರ್ ಕೂಗಿದ.

“ಹೋಗ್ಲಿ ಅಂತನ ನಿಂತೀನಪ್ಪ.”

ತಿರುವು ತೆರೆಸಲು ಬಂದಿದ್ದ ಸಾಹೇಬರು ಕೊಡೆ ಹಿಡಿದು ಹತ್ತಿರ ಬಂದರು. ಮುಖ ಕೆಂಡ. “ತೆರೀಬಹುದು ಅಂತ ವರದಿ ಬಂದದ. ಈಗ ಬ್ಯಾಡ ಅಂದ್ರ ಯಾರ ತಪ್ಪದು?”

ಹೇಳಬೇಕಾದವಳು ನಾನು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ಬಾಯಿ ಏಳಲಿಲ್ಲ.

“ನಂದ್ರೀ ಸಾಹೇಬ್ರ,” ಎಂದರು ಕಾಕಾ. “ತಾಳೆ ನೋಡದ ಗಲತ್ ಅಂಕಿ ಮೇಡಂಗ ನಾನ ಕೊಟ್ಟೀನಿ. ಒಂದು ತಾಸು ಕೊಡ್ರಿ.”

ಒಂದು ಅಂಕಿ ಹೆಚ್ಚುಕಡಿಮೆ ಬರೆದರೆ ಹಾಳೆ ಹರಿದೊಗೆಯುವ ಮನುಷ್ಯ ನನ್ನ ಕಣ್ಣೆದುರು ಸುಳ್ಳು ಹೇಳಿದರು. ಅದನ್ನು ಕೇಳಿಸಿಕೊಂಡು ನಾನು ಸುಮ್ಮನೆ ನಿಂತೆ.

ನಮ್ಮ ಹಿಂದೆಯೇ ಬಂದ ವ್ಯಾನು ಶಹಾಪುರ ರಸ್ತೆಯ ಪಂಚರ ಮೇಲೆ ಮೂರು ಸಲ ಓಡಿತು. ಕಾಕಾ ಮಳೆಯಲ್ಲೇ ಕೂತು ಅದೇ ಜಾಗಗಳಲ್ಲಿ ಲೋಲಕ ಬೀಸಿದರು. ಮೂವತ್ತು ವರ್ಷ ಲಾರಿ ಓಡಿ ಕನ್ನಡಿಯಾದ ತುಂಡಿನ ಮೇಲೂ ವ್ಯಾನು ಒಳ್ಳೆಯ ಹಿಡಿತವಿದೆ ಎಂದಿತು. ತಿರುವಿನಲ್ಲಿ ಅದು ಕೊಟ್ಟಿದ್ದ ಅಂಕಿಗಳನ್ನು ನಮ್ಮ ಅಳತೆಗೆ ಇಳಿಸಿ ನೋಡಿದರೆ ಇಡೀ ತಿರುವೇ ಫೇಲು. ಅಡ್ಡಗಟ್ಟೆ ಮತ್ತೆ ಬಂತು. ಜನ ಬೈಯುತ್ತಲೇ ಬಸ್ಸು ಹಿಂದಕ್ಕೆ ತಿರುಗಿತು. ಒರಟು ಜಲ್ಲಿಯ ಪದರ ಬಿದ್ದ ಮೇಲೆಯೇ ಆ ತಿರುವು ತೆರೆದದ್ದು.

ವಾರದಲ್ಲಿ ಕಾಕಾ ಅವರಿಗೆ ನಿರ್ಲಕ್ಷ್ಯದ ಮೆಮೊ ಬಂತು. ನನ್ನ ಮೇಜು ದಾಟಿಯೇ ಹೋಯಿತು, ಕೈಯಾರೆ ನಾನೇ ಕೊಟ್ಟೆ. ಓದಿ ಮಡಚಿ ಜೇಬಿಗಿಟ್ಟು, “ಲೋಲಕದ ರಬ್ಬರ್ ಸವದೈತ್ರಿ, ಬದಲಿ ಮಾಡಬೇಕು,” ಎಂದರು. ಆರು ವರ್ಷದ ನಂತರ ನಿವೃತ್ತರಾಗುವವರೆಗೂ ಆ ಮಾತು ಎತ್ತಲಿಲ್ಲ.

ಕಳೆದ ವರ್ಷ ರಂಗಂಪೇಟೆಯ ಮನೆಯಲ್ಲಿ ತೀರಿಕೊಂಡರು. ಮಣ್ಣಾದ ಮರುದಿನ ಹೋದೆ. ಅವರ ಹೆಂಡತಿಯ ಕೈ ಹಿಡಿದು, “ಆ ಮೆಮೊ ನನಗೆ ಬರಬೇಕಿತ್ತಮ್ಮ, ತಪ್ಪು ನನ್ನದು,” ಎಂದು ಅತ್ತುಬಿಟ್ಟೆ.

“ಗೊತ್ತೈತ್ರಿ. ಅವತ್ತ ಹೇಳಿದ್ರು,” ಎಂದರು ಆಕೆ. “‘ಮೇಡಂ ಹೊಸಬ್ರು, ಅಂಜ್ಯಾರ. ಒಂದಿನ ತಾವ ಬಂದು ನನ್ನ ಮುಂದ ಹೇಳತಾರ’ ಅಂದಿದ್ರು.”

ಆರು ವರ್ಷ, ದಿನಕ್ಕೆರಡು ಸಲ, ನಾನು ಅವರೆದುರು ಕೂತು ಚಹಾ ಕುಡಿದಿದ್ದೆ.