ಪತ್ತ್ ಎಂದರೆ ಎಷ್ಟು?

ಸಾವಿರದ ಒಂಬೈನೂರ ಎಂಬತ್ತಮೂರರಲ್ಲಿ, ಏಳನೆಯ ಕ್ಲಾಸು ಮುಗಿಸಿ ನಾನು ಓದು ನಿಲ್ಲಿಸಿದೆ. ಆಮೇಲೆ ನನ್ನನ್ನು ಯಾರೂ ಪ್ರಶ್ನೆಪತ್ರಿಕೆಯ ಮುಂದೆ ಕೂರಿಸಲಿಲ್ಲ. ಉಡುಪಿ ಕಡೆಯಿಂದ ಥಾಣೆಗೆ ಬಂದು, ಲೋಟ ತೊಳೆದು, ದೋಸೆಕಾವಲಿಯ ಎದುರು ಬೆಂದು, ನೌಪಾಡಾದಲ್ಲಿ ಸ್ವಂತ ಹೋಟೆಲು ಮಾಡಿದವನನ್ನು ಪರೀಕ್ಷೆ ಮಾಡುವ ಧೈರ್ಯ ಇನ್ನು ಯಾರಿಗಿದೆ ಎಂದುಕೊಂಡಿದ್ದೆ. ಆ ಧೈರ್ಯ ಮಾಡಿದ್ದು ಒಂದು ಹೆಲ್ಮೆಟ್ಟು. ಹಳದಿ ಬಣ್ಣದ್ದು, ಮಕ್ಕಳದ್ದು, ಸಾಂಬಾರಿನ ಸಣ್ಣ ಪಾತ್ರೆಯನ್ನು ಕವುಚಿ ಹಾಕಿದ ಹಾಗಿದೆ. ನನ್ನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೂತಿದೆ. ಮೂಗಿನ ಹತ್ತಿರ ಹಿಡಿದರೆ ಹೊಸ ಸ್ಪಂಜಿನ ವಾಸನೆ. ಆ ವಾಸನೆ ಬಂದಾಗಲೆಲ್ಲ ಪ್ರಶ್ನೆಯೂ ಬರುತ್ತದೆ: ಮಗುವನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಬಹುದೇ, ಬಾರದೇ?

ಪ್ರಶ್ನೆ ಹುಟ್ಟಿದ್ದು ನಮ್ಮ ಮನೆಯಲ್ಲೇ. ಮೊಮ್ಮಗಳು ಇರಾಳಿಗೆ ಇನ್ನೂ ನಾಲ್ಕು ತುಂಬಿಲ್ಲ. ಅವಳ ನರ್ಸರಿಯ ವ್ಯಾನಿನವನು ಕೆಲಸ ಬಿಟ್ಟು ಊರಿಗೆ ಹೋದ. ಮಗಳು ಸುಮಾ ಬೆಳಗ್ಗೆ ಬೇಲಾಪುರದ ಆಫೀಸಿಗೆ ಲೋಕಲ್ ರೈಲು ಹಿಡಿಯಬೇಕು. ಅಳಿಯ ಅದಕ್ಕೂ ಮೊದಲು ಕಲ್ಯಾಣಕ್ಕೆ ಹೊರಟಿರುತ್ತಾನೆ. ರಿಕ್ಷಾದವರಿಗೆ ಅಷ್ಟು ಹತ್ತಿರದ ಸವಾರಿ ಎಂದರೆ ಅವಮಾನ. ಮುಖ ತಿರುಗಿಸಿಯೇ ಹೋಗುತ್ತಾರೆ.

"ಸ್ಕೂಟರಿನಲ್ಲಿ ನಾನು ಬಿಟ್ಟು ಬರ್ತೇನೆ," ಎಂದೆ.

ಸುಮಾ ಮುಖ ಎತ್ತಿ ತನ್ನ ಗದ್ದದ ಕೆಳಗಿನ ಗಾಯದ ಗೆರೆಯನ್ನು ಬೆರಳಿನಿಂದ ತೋರಿಸಿದಳು.

"ಅದು ನೀನು ಕೈ ಬಿಟ್ಟದ್ದಕ್ಕೆ ಆದದ್ದು. ನಾನು ಬಿಟ್ಟದ್ದಕ್ಕಲ್ಲ."

"ಅದೇ ಪಪ್ಪಾ, ಅವಳೂ ಬಿಟ್ರೆ?" ಎಂದಳು.

ಈ ಗೆರೆಯ ಕಥೆ ನಿಮಗೂ ಹೇಳಬೇಕು. ಸುಮಾ ಸಣ್ಣವಳಿದ್ದಾಗ ನನ್ನದು ಕೈಯಲ್ಲೇ ಗೇರು ತಿರುಗಿಸುವ ಹಳೆಯ ಸ್ಕೂಟರು. ಅವಳನ್ನು ಹಿಂದೆ ಕೂರಿಸಿ, ನಮ್ಮೂರಿನ ಬೈರಾಸಿನಿಂದ, ಅಂದರೆ ಮೈ ಒರೆಸುವ ತೆಳು ಪಂಚೆಯಿಂದ, ನನ್ನ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದೆ. ನನ್ನದು ತುಳು; ಹೆಂಡತಿ ಕುಂದಾಪುರದವಳು, ತುಳು ಬಾರದು. ಹಾಗಾಗಿ ಮನೆಯ ಮಾತು ಕನ್ನಡ. "ಸಮಾ ಕಟ್ಕಣಿ ಮರ್ರೆ," ಸರಿಯಾಗಿ ಕಟ್ಟಿಕೊಳ್ಳಿ ಎಂದು ಬಾಗಿಲಿನಿಂದಲೇ ಕೂಗುವಳು. ಆ ಗಂಟಿನ ಬಗ್ಗೆ ನನಗೆ ಭಾರಿ ಹೆಮ್ಮೆ. ಇಡ್ಲಿಹಿಟ್ಟಿನ ಮೂಟೆ ಬಿದ್ದೀತು, ಮಗು ಬೀಳದು ಎನ್ನುತ್ತಿದ್ದೆ.

ಆದರೆ ಹೆಣ್ಣು ಸ್ವಲ್ಪ ದೊಡ್ಡವಳಾದದ್ದೇ ಬೈರಾಸು ಬೇಡವಾಯಿತು. ಮುಂದೆ, ನನ್ನ ಕಾಲುಗಳ ನಡುವೆ ನಿಂತು, ಹ್ಯಾಂಡಲು ಹಿಡಿದು ತಾನೇ ಓಡಿಸುವವಳ ಹಾಗೆ ಬರುವಳು. ಒಂದು ದಿನ ವಾಗ್ಳೆ ಎಸ್ಟೇಟಿನ ರಸ್ತೆಯಲ್ಲಿ ಕೈಗಾಡಿಯೊಂದು ಅಡ್ಡ ಬಂತು. ನಾನು ಕೂಗಿದೆ, ಬ್ರೇಕು ಹಾಕಿದೆ. ಅದೇ ಕ್ಷಣಕ್ಕೆ ಈ ಹುಡುಗಿ ಎರಡೂ ಕೈ ಬಿಟ್ಟು ಮೇಲಕ್ಕೆತ್ತಿದಳು! ಗದ್ದ ಹೋಗಿ ಹ್ಯಾಂಡಲಿಗೆ ಬಡಿಯಿತು. ನನ್ನ ಬಿಳಿ ಶರ್ಟೆಲ್ಲ ರಕ್ತ. ಡಾಕ್ಟರರು ಹೊಲಿಗೆ ಹಾಕುವಾಗ ಅವಳು ಅತ್ತದ್ದಕ್ಕಿಂತ ನಾನು ಬೆವರಿದ್ದು ಹೆಚ್ಚು.

ಗಾಯ ಮಾಗಿದ ಮೇಲೆ ಅದು ನಮ್ಮ ಮನೆಯ ತಮಾಷೆಯಾಯಿತು. ಮದುವೆ ಮುಂಜಿಯಲ್ಲಿ ನೆಂಟರು ಸೇರಿದರೆ ನಾನೇ ಶುರುಮಾಡುವುದು: "ನಮ್ಮ ಸುಮಾ ಸ್ಕೂಟರಿನಿಂದ ವಿಮಾನ ಹಾರಿಸ್ಲಿಕ್ಕೆ ಹೋದವಳು!" ಎಲ್ಲರೂ ನಗುವರು. ಅವಳೂ ನಗುವಳು, ಸ್ವಲ್ಪ ತಡವಾಗಿ. ಹಿಡಿದುಕೋ ಎಂದು ಅಪ್ಪ ಕೂಗುತ್ತಿರುವಾಗ ಮಗು ಕೈ ಬಿಡುವುದು ಯಾಕೆ? ಉತ್ತರ ನನಗೆ ಹೊಳೆದಿರಲಿಲ್ಲ. ಮಕ್ಕಳ ಬುದ್ಧಿ ಎಂದು ಬಿಟ್ಟಿದ್ದೆ.

ಇರಲಿ, ಈಗಿನ ಪ್ರಶ್ನೆಗೆ ಬರೋಣ. ಓದದವನಿಗೆ ಒಂದು ಅನುಕೂಲವಿದೆ, ಯಾರನ್ನು ಕೇಳಲೂ ನಾಚಿಕೆಯಿಲ್ಲ. ದಿನಾ ಚಹಾಕ್ಕೆ ಬರುವ ಟ್ರಾಫಿಕ್ ಹವಾಲ್ದಾರರನ್ನು ಕೇಳಿದೆ. ಸಣ್ಣ ಮಗುವಿಗೆ ತಲೆಗೆ ಹೆಲ್ಮೆಟ್ಟು ಬೇಕು, ಓಡಿಸುವವನ ಮೈಗೆ ಸೇರಿಸಿ ಕಟ್ಟುವ ಬೆಲ್ಟು ಬೇಕು, ನಿಧಾನ ಹೋಗಬೇಕು ಎಂದರು. ಬೆಲ್ಟಿನ ಮಾತು ಕೇಳಿ ನನಗೆ ಒಳಗೊಳಗೇ ಉಬ್ಬು. ನಮ್ಮ ಬೈರಾಸಿಗೇ ಸರಕಾರ ಬಕಲು ಹಾಕಿದೆಯಲ್ಲ! "ಆಣಿ ತುಮ್ಚಾ ಮುಲ್ಗಾ, ಸಾಹೇಬ್?" ಎಂದೆ, ನಿಮ್ಮ ಮಗನನ್ನು ಹೇಗೆ ಕರೆದೊಯ್ಯುತ್ತೀರಿ ಅಂತ. ಅವರು ಮೀಸೆಯೊಳಗೇ ನಕ್ಕರು: "ತ್ಯಾಚಿ ಆಯೀ ನೇತೆ. ರಿಕ್ಷಾನೆ." ಅವನ ತಾಯಿ ಒಯ್ಯುತ್ತಾಳಂತೆ, ರಿಕ್ಷಾದಲ್ಲಿ!

ಗ್ಯಾರೇಜಿನ ಸಲೀಂಭಾಯಿ ಸ್ಕೂಟರಿನ ಬ್ರೇಕು ಬಿಗಿ ಮಾಡುತ್ತ, "ಅಣ್ಣಾ, ಗಾಡಿ ಏಕ್‌ದಂ ಸೇಫ್ ಹೈ. ಅಬ್ ರೋಡ್ ಸೇ ಪೂಛೋ," ಎಂದ. ಗಾಡಿಯದ್ದು ಆಯಿತು, ಇನ್ನು ರಸ್ತೆಯನ್ನು ಕೇಳಬೇಕಂತೆ. ರಸ್ತೆಯನ್ನು ಕೇಳುವುದು ಹೇಗೆಂದು ಅವನಿಗೂ ಗೊತ್ತಿಲ್ಲ. ಹೆಲ್ಮೆಟ್ಟು, ಬೆಲ್ಟು ಎರಡೂ ತಂದೆ. ಸುಮಾ ಅವನ್ನು ತಿರುಗಿಸಿ ತಿರುಗಿಸಿ ನೋಡಿ, "ನೋಡುವಾ," ಎಂದಳು. ನಮ್ಮ ಮನೆಯಲ್ಲಿ ಅದರ ಅರ್ಥ ಇಲ್ಲ ಎಂದು.

ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಳೆದ ಭಾನುವಾರ, ಹೋಟೆಲಿನಲ್ಲಿ. ನಮ್ಮ ಕೆಲಸದವರೆಲ್ಲ ತುಳುವಿನವರು. ಅವರದ್ದೊಂದು ಹಳೆಯ ಆಟವಿದೆ; ಸುಮಾಳನ್ನು ಆಡಿಸುತ್ತಿದ್ದ ಆಟವನ್ನೇ ಈಗ ಇರಾಳಿಗೂ ಆಡಿಸುತ್ತಾರೆ. ಮಗುವನ್ನು ಗಲ್ಲಾದ ಮೇಲೆ ಕೂರಿಸಿ ತುಳುವಿನಲ್ಲಿ ಎಣಿಸುವುದು: ಒಂಜಿ, ರಡ್ಡ್, ಮೂಜಿ... ಹತ್ತಕ್ಕೆ ಪತ್ತ್. ಪತ್ತ್ ಎಂದ ಕೂಡಲೆ ಮಗು ಎರಡೂ ಕೈ ಎತ್ತಿ ಹತ್ತು ಬೆರಳು ತೋರಿಸಬೇಕು, ತೋರಿಸಿದರೆ ಬಾಯಿಗೆ ಒಂದು ಚಮಚ ಶೀರಾ.

"ಪತ್ತ್!" ಎಂದೆ. ಇರಾ ಎರಡೂ ಕೈ ಮೇಲೆತ್ತಿ, "ದಸ್! ಅಜ್ಜಾ, ಶೀರಾ ದೋ!" ಎಂದಳು.

ಎದುರಿಗೆ ಕಾಫಿ ಕುಡಿಯುತ್ತಿದ್ದ ಸುಮಾ ಲೋಟ ಕೆಳಗಿಟ್ಟಳು.

"ಪಪ್ಪಾ, ಅವತ್ತು ಸ್ಕೂಟರಲ್ಲಿ ನೀವು ಎಂತ ಅಂತ ಕೂಗಿದ್ರಿ?"

"ಹಿಡ್ಕೋ ಅಂದೆ."

"ಹಿಡ್ಕೋ ಅನ್ಲಿಲ್ಲ. ಪತ್ತ್ ಅಂದ್ರಿ. ಜೋರಾಗಿ, ಎರಡು ಸಲ. ನಾನು ತೋರಿಸ್ದೆ."

ತುಳು ಬಲ್ಲವರು ಇಷ್ಟು ಹೊತ್ತಿಗೆ ನಕ್ಕಿರುತ್ತೀರಿ. ಬಾರದವರಿಗೆ ಹೇಳುತ್ತೇನೆ: ನಮ್ಮ ತುಳುವಿನಲ್ಲಿ ಪತ್ತ್ ಎಂದರೆ ಹತ್ತು, ಪತ್ತ್ ಎಂದರೆ ಹಿಡಿ ಎಂದೂ ಹೌದು. ಮನೆಯಲ್ಲಿ ಕನ್ನಡ ಆಡಿದವನ ಬಾಯಿಗೆ ಹೆದರಿಕೆಯಲ್ಲಿ ಬಂದದ್ದು ಹೆತ್ತವಳ ಮಾತು. ಮಗಳಿಗೆ ಗೊತ್ತಿದ್ದ ತುಳು ಬರೀ ಹತ್ತರವರೆಗೆ. ಅಪ್ಪ ಪತ್ತ್ ಎಂದ, ಜಾಣ ಮಗು ಹತ್ತು ಬೆರಳು ಬಿಡಿಸಿತು. ಬೆಳಗ್ಗೆ "ಹತ್ತು" ಎಂದು ಕನ್ನಡದಲ್ಲಿ ಹೇಳಿ ಅವಳನ್ನು ಸ್ಕೂಟರಿಗೆ ಹತ್ತಿಸಿದವನು ನಾನು, ತುಳುವಿನ ಹತ್ತು ಹೇಳಿ ಬೀಳಿಸಿದವನೂ ನಾನೇ.

"ಮತ್ತೆ ಇಷ್ಟು ವರ್ಷ ಹೇಳ್ಲಿಲ್ಲ ಯಾಕೆ ಮಗಾ?"

"ಈಗ ಇವಳ ಕೈ ನೋಡಿಯೇ ನೆನಪಾದದ್ದು. ಆವಾಗ ಒಂದೇ ಬೇಜಾರು ನನಗೆ, ಸರಿ ತೋರಿಸಿದ್ರೂ ಶೀರಾ ಸಿಗ್ಲಿಲ್ಲ ಅಂತ."

ಅವಳು ನಕ್ಕಳು. ಈ ಸಲ ತಡವಾಗಿ ನಕ್ಕವನು ನಾನು.

ಇರಾಳಿಗೆ ಹಿಡಿದುಕೋ ಎಂದು ಹಿಂದಿಯಲ್ಲೋ ಮರಾಠಿಯಲ್ಲೋ ಹೇಳಿದರಾಯಿತು ಎಂದೆ. ಸುಮಾ ತಲೆಯಾಡಿಸಿದಳು. "ಕೈಗಾಡಿ ಅಡ್ಡ ಬಂದಾಗ ನಿಮ್ಮ ಬಾಯಿಗೆ ಮರಾಠಿ ಬರ್ತದಾ ಪಪ್ಪಾ?" ನಿಜ, ಬರುವುದಿಲ್ಲ. ಬ್ರೇಕು ಬಿಗಿ ಮಾಡಬಹುದು, ಬೆಲ್ಟು ಬಿಗಿ ಮಾಡಬಹುದು. ಹೆದರಿದಾಗ ಯಾವ ಮಾತು ಹೊರಡುತ್ತದೆ ಎಂಬುದನ್ನು ಬಿಗಿ ಮಾಡಲು ಸಲೀಂಭಾಯಿಯ ಸ್ಪ್ಯಾನರು ಸಾಲದು. ಹಾಗಾದರೆ ಬದಲಾಗಬೇಕಾದ್ದು ಆಟ. ಆವತ್ತೇ ಕೆಲಸದವರನ್ನೆಲ್ಲ ಕರೆದು ಹೊಸ ಕಾನೂನು ಮಾಡಿದೆ. ಒಂಬತ್ತರವರೆಗೆ ಬೆರಳು, ಪತ್ತ್ ಎಂದರೆ ಎದುರಿಗಿದ್ದವರ ಅಂಗಿ ಗಟ್ಟಿಯಾಗಿ ಹಿಡಿಯಬೇಕು. ಹಿಡಿದರೆ ಮಾತ್ರ ಶೀರಾ.

ಮಗು ಕಲಿಯಿತು. ಸರ್ವರುಗಳ ಅಂಗಿಯ ಗುಂಡಿಗಳು ಕಿತ್ತುಬಂದವು. ಸುಮಾ ಮಾತ್ರ ನಂಬಲಿಲ್ಲ. ಆಟದ ಹೊತ್ತಲ್ಲದ ಹೊತ್ತಿನಲ್ಲಿ, ಮಗು ಏನೋ ತಿನ್ನುತ್ತಿರುವಾಗ, ಹಿಂದಿನಿಂದ ಬಂದು "ಪತ್ತ್!" ಎಂದು ಕಿರುಚಿದಳು. ಇರಾ ಕೈಯಲ್ಲಿದ್ದ ಬನ್ಸನ್ನು ನೆಲಕ್ಕೆ ಬಿಟ್ಟು ನನ್ನ ಅಂಗಿ ಹಿಡಿದುಕೊಂಡಳು. ಸುಮಾ ಆ ಸಣ್ಣ ಮುಷ್ಟಿಗಳನ್ನೇ ನೋಡಿದಳು. ಅವಳ ಕೈ ತನ್ನ ಗದ್ದದ ಕೆಳಗೆ ಹೋಗಿತ್ತು.

"ಗಲ್ಲಿಯಿಂದ ಹೋಗಿ. ಮೇನ್ ರೋಡ್ ಬೇಡ. ಮಳೆ ಬಂದ್ರೆ ನಡ್ಕೊಂಡು," ಎಂದಳು.

ಸುರಕ್ಷಿತವೇ ಎಂದು ಕೇಳಿದರೆ ಪೂರ್ತಿ ಹೌದು ಎನ್ನಲು ನನಗೆ ಈಗಲೂ ಬಾಯಿ ಬರುವುದಿಲ್ಲ. ರಸ್ತೆ ಇನ್ನೂ ಉತ್ತರ ಕೊಟ್ಟಿಲ್ಲ. ಇವತ್ತು ಬೆಳಗ್ಗೆ ಅವಳನ್ನು ಹಿಂದೆ ಕೂರಿಸಿ, ಬೆಲ್ಟು ಕಟ್ಟಿ, ಹಳದಿ ಪಾತ್ರೆ ಕವುಚಿ, ಎತ್ತಿನಗಾಡಿಯ ವೇಗದಲ್ಲಿ ಗಲ್ಲಿ ದಾಟಿದೆ. ಹೆಮ್ಮೆಗೆ ಕಮ್ಮಿಯಿಲ್ಲದ ಮನುಷ್ಯ ನಾನು. ಕೇಳಿದವರಿಗೆ ಲೆಕ್ಕ ಒಪ್ಪಿಸುತ್ತೇನೆ. ಈಗ ನನ್ನ ಹತ್ತಿರ ಇರುವುದು: ಒಂದು ಹೋಟೆಲು, ಒಂದು ಸ್ಕೂಟರು, ಎರಡು ಹೆಲ್ಮೆಟ್ಟು, ಒಂದು ಬೆಲ್ಟು, ಸೊಂಟದ ಮೇಲೆ ಹತ್ತು ಬೆರಳು.